ಎಮ್ಮೆ ಬತ್ತಿಸಿದ ಹಾಗೆ ಗುಳಿಗೆ ಬಿಟ್ಟವರು

ಅವರು ತೀರಿಕೊಂಡ ಮೂರನೆಯ ದಿನ ಅವರ ಮನೆಯ ಮುಂದೆ ಹಾಸಿದ ಜಮಖಾನೆಯ ಮೇಲೆ ನಾವು ಹತ್ತು ಹನ್ನೆರಡು ಮಂದಿ ಕೂತಿದ್ದೆವು. ಬಗಲಿನ ಮನೆಯಿಂದ ಚಹಾ ಬಂತು. ಊರಿನ ಒಬ್ಬ ದೊಡ್ಡ ಮನುಷ್ಯ, ಬಾಯಿ ತೆರೆದರೆ ನ್ಯಾಯ ಹೇಳುವವ, ಬಸಿಗೆ ಸುರಿದುಕೊಂಡ ಚಹಾವನ್ನು ಸೊರ್ರೆಂದು ಎಳೆದು ಹೇಳಿದ: “ಏನ ಮಾಡೂದ್ರಿ, ಹಣೇಬಾರ. ಗುಳಿಗಿ ನಶಾದಾಗ ಇರತಿದ್ಲು. ಅದಕ್ಕ ಹಾವು ಕಣ್ಣಿಗೆ ಬಿದ್ದಿಲ್ಲ.” ಕೂತವರೆಲ್ಲ ಹೌದು ಹೌದು ಎಂದು ತಲೆ ಆಡಿಸಿದರು.

ನನಗೆ ಸಿಟ್ಟು ನೆತ್ತಿಗೇರಿತು. ಸಾವಿನ ಮನೆ ಎಂದಾದರೂ ಬಾಯಿ ಮುಚ್ಚಿಕೊಳ್ಳಬೇಕಿತ್ತು, ಆಗಲಿಲ್ಲ. “ಲೇ, ಅಕಿ ಗುಳಿಗಿ ಬಿಟ್ಟ ವರ್ಷದ ಮ್ಯಾಲಾತು. ನಸುಕಿನ್ಯಾಗ ಮೇವು ಕೊಯ್ಯಾಕ ಹೋದಾಕಿಗೆ ಕಬ್ಬಿನ ಒಣ ರವದಿ ಕೆಳಗಿದ್ದ ಕೊಳಕಮಂಡಲ ಹೆಂಗ ಕಾಣಬೇಕ? ನಿನಗರ ಕಾಣತಿತ್ತೇನ?” ಎಂದು ಕೂಗಿದೆ. ಅವನು ನಿನಗೇನು ಗೊತ್ತು ಎಂಬಂತೆ ಒಂದು ನಗೆ ನಕ್ಕು ಬಸಿಯನ್ನು ನೆಲಕ್ಕಿಟ್ಟ. ನಾನು ಎದ್ದು ಮನೆಗೆ ಬಂದೆ. ಆ ಮಾತು ಸುಳ್ಳೆಂದು ಹೇಳಲಿಕ್ಕೇ ಈಗ ಬರೆಯಲು ಕೂತಿದ್ದೇನೆ.

ನಾನು ಸದಲಗಾದ ಆಚೆ, ದೂಧಗಂಗೆಯ ದಂಡೆಯ ಮೇಲಿರುವ ನಮ್ಮೂರಿನ ಹಾಲಿನ ಡೇರಿಯ ಸೆಕ್ರೆಟರಿ. ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ಅರ್ಧ ಊರು ನನ್ನ ಕಿಟಕಿಯ ಮುಂದೆ ಹಾಲು ಹಿಡಿದು ನಿಲ್ಲುತ್ತದೆ. ಒಬ್ಬ ಮನುಷ್ಯನನ್ನು ದಿನಕ್ಕೆ ಎರಡು ಸಲದಂತೆ ಇಪ್ಪತ್ತು ವರ್ಷ ನೋಡಿದರೆ, ಅವರ ಕೈ ಯಾವತ್ತು ನಡುಗಿತು, ಕಣ್ಣು ಯಾವತ್ತು ಬಾಡಿತು ಎಂಬುದು ಅವರ ಮನೆಯವರಿಗಿಂತ ಮೊದಲು ನಮಗೆ ಗೊತ್ತಾಗುತ್ತದೆ. ಆದ್ದರಿಂದ ಇವರ ಬಗ್ಗೆ ಮಾತಾಡುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ. ಹೆಸರು ಬರೆಯುವುದಿಲ್ಲ. ನಾನು ಅವರನ್ನು ಅಕ್ಕಾ ಎನ್ನುತ್ತಿದ್ದೆ, ಇಲ್ಲಿಯೂ ಅಕ್ಕನೇ.

ಅಕ್ಕನಿಗೆ ಐದು ಎಮ್ಮೆಗಳಿದ್ದವು. ಗಂಡ ಬೇಗನೆ ಹೋಗಿದ್ದ. ಒಬ್ಬನೇ ಮಗ, ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಓಡಿಸುತ್ತಾನೆ. ಮಗನನ್ನು ಓದಿಸಿದ್ದೂ ಲಗ್ನ ಮಾಡಿದ್ದೂ ನಾನಲ್ಲ, ನನ್ನ ಎಮ್ಮೆಗಳು ಎಂದು ಅಕ್ಕ ಹೇಳುತ್ತಿದ್ದರು. ಆ ಎಮ್ಮೆಗಳ ಜೊತೆ ಅವರು ಮಾತಾಡುತ್ತಿದ್ದದ್ದು ಮರಾಠಿಯಲ್ಲಿ. “ಚಲ ಗ ಬಾಯಿ, ಚಲ” ಎನ್ನುತ್ತ ಹೊಳೆಯಿಂದ ಹೊಡೆದುಕೊಂಡು ಬರುವರು. ಅವುಗಳ ಹಿಂದೆ ಓಡುವ ಕರುಗಳಿಗೆ ಮಾತ್ರ ಅಚ್ಚ ಕನ್ನಡದ ಬೈಗುಳ. ನಾನೊಮ್ಮೆ ಕೇಳಿದೆ, ಇದೇನಕ್ಕಾ ಇದು, ತಾಯಿಗೊಂದು ಮಗಳಿಗೊಂದು ಭಾಷೆ ಎಂದು. “ತಾಯಿ ಮಿರಜ ಸಂತಿದಾಕಿ, ಅಕಿಗೆ ಕನ್ನಡಾ ತಿಳಿಯೂದಿಲ್ಲ. ಕರಾ ನಮ್ಮ ಮನ್ಯಾಗ ಹುಟ್ಟೇತಿ. ಅದಕ್ಕ್ಯಾಕ ಮರಾಠಿ?” ಎಂದರು, ಮುಖ ಗಂಭೀರ ಮಾಡಿಕೊಂಡೇ.

ಹಾಲಿನ ಫ್ಯಾಟ್ ವಿಷಯದಲ್ಲಿ ನನಗೂ ಅವರಿಗೂ ದಿನಾ ಜಗಳ. ನಾನು ಯಂತ್ರದಲ್ಲಿ ನೋಡಿ ಹೇಳುವೆ. ಅವರು ಹಾಲಿಗೆ ಬೆರಳು ಅದ್ದಿ, ಹೆಬ್ಬೆರಳಿನಿಂದ ತಿಕ್ಕಿ ನೋಡಿ, “ನಿನ್ನ ಮಶೀನಕ ಜ್ವರಾ ಬಂದಾವ, ಸೆಕ್ರೆಟ್ರಿ. ಮತ್ತೊಮ್ಮೆ ನೋಡ” ಎನ್ನುವರು. ಮತ್ತೊಮ್ಮೆ ನೋಡಿದರೆ ಹತ್ತರಲ್ಲಿ ಏಳು ಸಲ ಅವರದೇ ಖರೆ. ಯಾವ ಎಮ್ಮೆ ಯಾವ ಅಮಾವಾಸ್ಯೆಗೆ ಗಬ್ಬವಾಯಿತು, ಯಾವುದರ ಅಜ್ಜಿ ಯಾವ ಸಂತೆಯಿಂದ ಬಂತು, ಎಲ್ಲ ಬಾಯಿಪಾಠ. ಇಂಥ ತಲೆಯನ್ನು ಆ ಗುಳಿಗೆ ನಾಲ್ಕು ವರ್ಷ ಮಬ್ಬು ಹಿಡಿಸಿ ಕೂಡ್ರಿಸಿತು.

ಶುರುವಾದದ್ದು ಮಹಾಪೂರದ ವರ್ಷ. ನೀರು ಏರುತ್ತಿದೆ ಎಂದು ಸಂಜೆ ಎಲ್ಲರನ್ನೂ ಎತ್ತರದಲ್ಲಿದ್ದ ಶಾಲೆಗೆ ಕಳಿಸಿದರು. ಮುಂಜಾನೆ ಬಂದು ದನ ಬಿಡಿಸಿಕೊಂಡರಾಯಿತು ಎಂದರು. ಮುಂಜಾನೆ ಅಕ್ಕ ಎದೆಮಟ್ಟದ ನೀರಿನಲ್ಲಿ ಕೊಟ್ಟಿಗೆಗೆ ಹೋದಾಗ ಹಗ್ಗ ನೆನೆದು ಗಂಟು ಬಿಗಿದುಕೊಂಡಿತ್ತು. ಎರಡು ಎಮ್ಮೆ ಬಿಡಿಸಿದರು. ಮೂರು ಗೂಟದಲ್ಲೇ ಮುಳುಗಿದವು. ಆಮೇಲೆ ಎಷ್ಟೋ ದಿನ ಅವರದು ಒಂದೇ ಮಾತು: “ಗಂಟ ನಾನ ಹಾಕಿದ್ದೆ ತಮ್ಮಾ. ಬಿಗಿಯಾಗಿ ಹಾಕಿದ್ದೆ.”

ಮಾರನೆಯ ವರ್ಷ ಮೋಡ ಕಟ್ಟಿದರೆ ಸಾಕು, ಅವರ ಎದೆ ಡವಡವ ಎನ್ನುವುದು. ಕೈಕಾಲು ತಣ್ಣಗೆ, ಮೈಯೆಲ್ಲ ಬೆವರು. ಒಮ್ಮೆ ಡೇರಿಯ ಕಟ್ಟೆಯ ಮೇಲೆ ಕುಸಿದು ಕೂತು, “ಉಸರ ಹತ್ತವಲ್ದು, ಸಾಯ್ತೀನಿ” ಎಂದರು. ಎದೆಯ ರೋಗವಿರಬಹುದೆಂದು ನಾನೇ ಮೋಟಾರ್ ಸೈಕಲ್ಲಿನ ಹಿಂದೆ ಕೂಡಿಸಿಕೊಂಡು ಪೇಟೆಯ ಡಾಕ್ಟರ ಕಡೆ ಕರೆದೊಯ್ದೆ. ಅವರು ಎದೆಯ ಇಸಿಜಿ ಪಟ್ಟಿ ತೆಗೆಸಿದರು, ಹಾರ್ಟ್ ಛಲೋ ಐತಿ ಎಂದರು. “ಟೆನ್ಶನ್ ಐತಿ, ಬಾಯಾರ. ಈ ಸಣ್ಣ ಗುಳಿಗಿ ರಾತ್ರಿ ಒಂದ ತಗೋರಿ. ಆರಾಮ ಅನಸತೈತಿ.” ಎರಡು ನಿಮಿಷ. ಎಷ್ಟು ದಿನ ತೆಗೆದುಕೊಳ್ಳಬೇಕು ಎಂದು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಡಾಕ್ಟರಿಗೆ ಎದುರು ಪ್ರಶ್ನೆ ಕೇಳುವುದನ್ನು ನಮ್ಮ ಕಡೆ ಯಾರು ಕಲಿಸಿದ್ದಾರೆ?

ಸುಳ್ಳು ಹೇಳುವುದಿಲ್ಲ, ಗುಳಿಗೆ ಕೆಲಸ ಮಾಡಿತು. ವಾರದೊಳಗೆ ಅಕ್ಕ ನಕ್ಕರು, ನಿದ್ದೆ ಬಂತು ಎಂದರು. ಅಲ್ಲಿಗೇ ಯಾರಾದರೂ ಇನ್ನು ಸಾಕು, ಮೆಲ್ಲಗೆ ಬಿಡಿಸೋಣ ಎಂದಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ. ಅನ್ನಲಿಲ್ಲ. ಚೀಟಿ ಹರಿದುಹೋಯಿತು, ಗುಳಿಗೆ ಉಳಿಯಿತು. ಅಕ್ಕ ಖಾಲಿಯಾದ ಪಾಕೀಟನ್ನು ಎಲೆ ಅಡಿಕೆಯ ಸಂಚಿಯಲ್ಲಿ ಇಟ್ಟುಕೊಂಡು ಹೋಗಿ ಔಷಧ ಅಂಗಡಿಯಲ್ಲಿ ತೋರಿಸುವರು, ಅಂಗಡಿಯವನು ಅಂಥದೇ ಹೊಸದನ್ನು ಕೊಡುವನು. ಡಾಕ್ಟರ ಚೀಟಿ ಇಲ್ಲದೆ ಇದನ್ನು ಕೊಡಲೇಬಾರದು ಎಂದು ಅವನಿಗೆ ಗೊತ್ತಿರಲಿಲ್ಲವೆ? ಚೆನ್ನಾಗಿ ಗೊತ್ತಿತ್ತು. ವರ್ಷಕ್ಕೊಮ್ಮೆ ಡಾಕ್ಟರ ಕಡೆ ಹೋದರೆ ಅವರದೂ ಒಂದೇ ಮಾತು, “ಚಾಲೂ ಇರಲಿ.” ಒಂದು ಗುಳಿಗೆಗೆ ನಿದ್ದೆ ಬರದಾಯಿತು, ಎರಡಾಯಿತು. ಹಗಲೂ ಎದೆ ಹಾರುತ್ತದೆ ಎಂದು ಮೂರಾಯಿತು.

ನನ್ನ ಕಿಟಕಿಯ ಮುಂದೆ ನಿಲ್ಲುವ ಅಕ್ಕ ಬೇರೆಯಾಗತೊಡಗಿದರು. ಮಾತು ಎಳೆದೆಳೆದು ಬರುವುದು. ಬೆರಳು ಅದ್ದಿ ನೋಡುವುದು ಬಿಟ್ಟರು. ಫ್ಯಾಟ್ ಎಷ್ಟು ಹೇಳಿದರೂ “ಹೂಂ, ಬರಕೋ” ಎನ್ನುವರು. ಜಗಳವಾಡದ ಅಕ್ಕನನ್ನು ನೋಡಿ ನನಗೆ ಹೇಗೋ ಆಗುತ್ತಿತ್ತು. ಒಮ್ಮೆ ಹಾಲಿನ ಕ್ಯಾನಿನೊಂದಿಗೆ ಗಟಾರಕ್ಕೆ ಬಿದ್ದರು. ಊರಿಗೆ ಅಷ್ಟು ಸಾಕಾಯಿತು. ನಶೆ ಮಾಡುತ್ತಾಳೆ ಎಂದರು. ಸಂಜೆಯಾದರೆ ದಾರು ಅಂಗಡಿಯ ಮುಂದೆ ಉರುಳಾಡುವ ಗಂಡಸರ ಊರು ಇದು, ಡಾಕ್ಟರು ಬರೆದುಕೊಟ್ಟ ಗುಳಿಗೆ ನುಂಗಿದ ಹೆಂಗಸಿಗೆ ನಶೆಬಾಜಿ ಎಂದು ಹೆಸರಿಟ್ಟಿತು.

ಅಷ್ಟರಲ್ಲಿ ಮೊಮ್ಮಗಳು ಹುಟ್ಟಿದಳು. ಅಕ್ಕನ ಜೀವವೆಲ್ಲ ಆ ಕೂಸಿನಲ್ಲಿ ಹೋಗಿ ಕೂತಿತು. ಎಣ್ಣೆ ತಿಕ್ಕಿ ಎರೆಯುವುದು, ಲೋಬಾನದ ಹೊಗೆ ಹಾಕುವುದು, ತೊಡೆಯ ಮೇಲೆ ಹಾಕಿಕೊಂಡು ತಟ್ಟುವುದು, ಎಲ್ಲ ಅವರದೇ. “ಇದರ ತಲಿ ವಾಸನಿ ಮುಂದ ಯಾವ ಹಾಲಿನ ವಾಸನಿನೂ ಇಲ್ಲ ತಮ್ಮಾ” ಎನ್ನುವರು. ಆದರೆ ಅಕ್ಕಪಕ್ಕದವರು ಸೊಸೆಯ ಕಿವಿ ಊದಲು ಶುರು ಮಾಡಿದರು, ಗುಳಿಗಿ ತಿಂದ ಕೈಯಾಗ ಕೂಸ ಕೊಡ್ತೀಯಾ ಎಂದು. ಆ ಮಾತು ಅಕ್ಕನ ಕಿವಿಗೂ ಬಿತ್ತು.

ನಮ್ಮ ಗಡಿ ಭಾಗದಲ್ಲಿ ಮಾಳ ಹಾಕಿಕೊಳ್ಳುವ ಪದ್ಧತಿ ಇದೆ. ಆಷಾಢದ ಏಕಾದಶಿಗೆ ಕೊರಳಿಗೆ ತುಳಸಿ ಮಾಳ ಬಿತ್ತೆಂದರೆ ಮಾಂಸ, ದಾರು, ತಂಬಾಕು ಎಲ್ಲವನ್ನೂ ಅದೇ ದಿನ, ಹತ್ತು ಜನರ ಎದುರು ಬಿಡಬೇಕು. ನಾಳೆ ನಾಡಿದ್ದು ಎನ್ನುವಂತಿಲ್ಲ. ಎಷ್ಟೋ ಮನೆಗಳು ಇದರಿಂದ ಉದ್ಧಾರವಾಗಿವೆ, ನಾನು ಅದನ್ನು ಹೀಗಳೆಯುವುದಿಲ್ಲ. ಮೊಮ್ಮಗಳಿಗೆ ಮೂರು ತಿಂಗಳಾದಾಗ ಅಕ್ಕ ಮಾಳ ಹಾಕಿಕೊಂಡರು. ಹಲ್ಲಿಗೆ ತಿಕ್ಕುತ್ತಿದ್ದ ತಂಬಾಕಿನ ಮಿಸ್ರಿ ಬಿಟ್ಟರು. ಅದರ ಜೊತೆಗೇ ಗುಳಿಗೆಯನ್ನೂ ಬಿಟ್ಟರು.

ಈಗ ನನ್ನ ಪಾಪ ಹೇಳುತ್ತೇನೆ. ಆ ದಿನ ಮಾಳ ಹಾಕಿಕೊಂಡು ನೆಟ್ಟಗೆ ಡೇರಿಗೆ ಬಂದು ಸಂಚಿಯಿಂದ ಗುಳಿಗೆಯ ಪಾಕೀಟು ತೆಗೆದು ನನ್ನ ಕೈಗೆ ಕೊಟ್ಟರು. “ನೀನ ಒಗಿ ತಮ್ಮಾ. ನನ್ನ ಕೈಲೆ ಆಗವಲ್ದು.” ನಾನು ಭೇಷ್ ಅಕ್ಕಾ, ಗಟ್ಟಿಗಿತ್ತಿ ನೀ, ಒಂದ ಪೆಟ್ಟಿಗೆ ಬಿಟ್ಟೆಲ್ಲಾ ಎಂದು ಬೆನ್ನು ತಟ್ಟಿ, ಕ್ಯಾನ್ ತೊಳೆಯುವ ಮೋರಿಯಲ್ಲಿ ಅವನ್ನು ಒಂದೊಂದಾಗಿ ಒತ್ತಿ ನೀರು ಬಿಟ್ಟೆ. ನಿಂತವರು ಚಪ್ಪಾಳೆ ತಟ್ಟಿದರು. ನಾಚಿಕೆಯಾಗುತ್ತದೆ ಬರೆಯಲು.

ಮಾರನೆಯ ದಿನವೇ ಅವರ ಕೈ ನಡುಗತೊಡಗಿತು. ಬೆಳಕು ಚುಚ್ಚುತ್ತದೆ ಎಂದರು, ಕ್ಯಾನಿನ ಸಪ್ಪಳಕ್ಕೆ ಬೆಚ್ಚಿಬಿದ್ದರು. ನಶೆ ಇಳಿಯುವಾಗ ಹಾಗೇ ಎಂದು ತಿಳಿದವರು ತಿಳಿಸಿದರು. ಮೂರನೆಯ ದಿನ ಬೆಳಿಗ್ಗೆ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಂದಿದ್ದರು, ಹಾಲು ಹಿಡಿದುಕೊಂಡು ಹಿಂದೆ ಸೊಸೆ. ಹಾಲು ಸುರಿಯಲೆಂದು ಕೂಸನ್ನು ಸೊಸೆಗೆ ಕೊಟ್ಟು ಕ್ಯಾನ್ ಎತ್ತಿದರು. ಅಷ್ಟೇ. ಕಣ್ಣು ಮೇಲೆ ಹೋದವು, ಮೈ ಸೆಟೆಯಿತು, ಕಡಿದ ಮರದಂತೆ ಬಿದ್ದರು. ಕೈಕಾಲು ಬಡಿದುಕೊಳ್ಳತೊಡಗಿದವು, ಬಾಯಲ್ಲಿ ನೊರೆ. ಒಬ್ಬ ದೇವರು ಬಂದೈತಿ ಎಂದ. ಇನ್ನೊಬ್ಬ ಕೈಗೆ ಕೀಲಿ ಕೊಡ್ರಿ ಎಂದ. ಒಬ್ಬಳು ಮೂಗಿಗೆ ಚಪ್ಪಲಿ ಹಿಡಿದಳು. ಸೊಸೆ ಕೂಸನ್ನು ಅವುಚಿಕೊಂಡು ಗೋಡೆಗೆ ಅಂಟಿ ನಿಂತಿದ್ದಳು. ಅರ್ಧ ನಿಮಿಷ ಮೊದಲು ಆ ಕೂಸು ಇದ್ದದ್ದು ಎಲ್ಲಿ ಎಂದು ಅವಳಿಗೆ ಗೊತ್ತಿತ್ತು.

ಪೇಟೆಯ ಡಾಕ್ಟರ ಕಡೆಗೇ ಒಯ್ದೆವು. “ಯಾರ ಬಿಡು ಅಂದ್ರು ನಿಮಗ? ಇಂಥಾವು ಒಮ್ಮೆಲೆ ಬಿಡಬಾರದು ಅನ್ನೂದು ಗೊತ್ತಿಲ್ಲೇನು?” ಎಂದು ನಮ್ಮ ಮೇಲೆಯೇ ಗದರಿದರು. ಗೊತ್ತಿಲ್ಲವೇ ಅಂತೆ! ನಾಲ್ಕು ವರ್ಷದಲ್ಲಿ ಒಮ್ಮೆಯಾದರೂ ಹೇಳಿದ್ದರೆ ಗೊತ್ತಿರುತ್ತಿತ್ತು. ಅದೇ ಗುಳಿಗೆ ಮತ್ತೆ ಬರೆದರು, ಇನ್ನು ಜೀವ ಇರುವತನಕ ತಗೋಬೇಕು ಎಂದರು. ಹೊರಡುವಾಗ ಅಕ್ಕ ಮೆಲ್ಲಗೆ ಕೇಳಿದರು, “ಮೊಮ್ಮಗಳನ್ನ ಎತಗೋಬಹುದೇನ್ರಿ, ಸಾಹೇಬ್ರ?” ಅವರು ತಲೆ ಎತ್ತದೆ, “ಛೇ ಛೇ, ಬ್ಯಾಡ. ಫಿಟ್ಸ್ ಬಂದರ ಕೂಸ ಬೀಳತೈತಿ” ಎಂದರು.

ಆ ಮಾತು ಅಕ್ಕನೊಳಗೆ ಮೊಳೆಯ ಹಾಗೆ ಕೂತಿತು. ಸೊಸೆ ಕೆಟ್ಟವಳಲ್ಲ. “ಅತ್ತಿ, ನಿಮ್ಮ ಮ್ಯಾಲ ಸಿಟ್ಟಿಲ್ಲರಿ. ಆದರ ನನಗ ಅಂಜಕಿ” ಎಂದು ಅತ್ತಳು. ಅಕ್ಕನೂ ಹಟ ಮಾಡಲಿಲ್ಲ. ತೊಟ್ಟಿಲಿಗೆ ಒಂದು ಉದ್ದ ಹಗ್ಗ ಕಟ್ಟಿಸಿಕೊಂಡು ಹೊಸ್ತಿಲ ಈಚೆ ಕೂತು ಎಳೆಯುವರು. ಕೂಸು ಅತ್ತರೆ “ಬಾರವಾ, ಅಳಾಕತ್ತೈತಿ” ಎಂದು ಸೊಸೆಯನ್ನು ಕರೆಯುವರು, ತಾವು ಹೊಸ್ತಿಲು ದಾಟುತ್ತಿರಲಿಲ್ಲ. ಯಡೂರಿನ ವೀರಭದ್ರನಿಗೆ ಹರಕೆ ಹೊರಿ ಎಂದರು ಕೆಲವರು. ಅಕ್ಕ ಹೊತ್ತರು. ಅದರ ಮೇಲೆ ನನ್ನನ್ನು ಒಂದು ಸಲ ಕೇಳಿದರು, “ಇದನ್ನ ಬಿಡಿಸೂ ಡಾಕ್ಟರ್ ಯಾರರ ಇಲ್ಲೇನ ತಮ್ಮಾ?”

ಮೋರಿಯಲ್ಲಿ ಗುಳಿಗೆ ಎಸೆದವನು ನಾನು. ವಿಚಾರಿಸುವುದು ನನ್ನ ಕೆಲಸವೇ ಆಗಿತ್ತು. ಚಿಕ್ಕೋಡಿಗೆ ತಿಂಗಳಿಗೊಮ್ಮೆ ಒಬ್ಬ ಮನೋವೈದ್ಯೆ ಬರುತ್ತಾರೆ ಎಂದು ತಿಳಿಯಿತು. ಹುಚ್ಚರ ಡಾಕ್ಟರ ಕಡೆ ಯಾಕೆ ಎಂದು ಮಗ ಮುಖ ಸಿಂಡರಿಸಿದ. ಅಕ್ಕ, “ಹುಚ್ಚರ ಡಾಕ್ಟರ್ ಇರ್ಲಿ, ದನದ ಡಾಕ್ಟರ್ ಇರ್ಲಿ. ನಡಿ ಸೆಕ್ರೆಟ್ರಿ” ಎಂದು ಎದ್ದೇಬಿಟ್ಟರು.

ಆ ಮನೋವೈದ್ಯೆ ಇನ್ನೂ ಚಿಕ್ಕ ವಯಸ್ಸಿನವರು. ಪೂರ್ತಿ ಕೇಳಿದರು. ಮುಳುಗಿದ ಎಮ್ಮೆಗಳ ಹೆಸರು ಸಹಿತ ಕೇಳಿದರು. ಆಮೇಲೆ ಹೇಳಿದರು: “ಅವ್ವಾ, ಈ ಔಷಧ ವಿಷ ಅಲ್ಲ. ಜೀವ ಹೋದಂಗ ಆದಾಗ ಎರಡ ಮೂರ ವಾರ ಕೊಟ್ಟರ ಊರುಗೋಲಿದ್ದಂಗ. ವರ್ಷಗಟ್ಟಲೆ ಕೊಟ್ಟರ ಮಿದುಳು ಅದನ್ನ ನೆಚ್ಚಿಕೊಂಡ ಕೂಡತೈತಿ. ಒಮ್ಮೆಲೆ ಕಸಗೊಂಡರ ಹಿಂಗ ಫಿಟ್ಸ್ ಬರತಾವ. ನಿಮಗ ಫಿಟ್ಸಿನ ಜಡ್ಡಿಲ್ಲ, ನಶಾನೂ ಇಲ್ಲ. ಔಷಧ ಬಿಡಿಸೂ ರೀತಿ ತಪ್ಪೇತಿ, ಅಷ್ಟ. ಭಾಳ ಸಾವಕಾಶ ಕಡಿಮಿ ಮಾಡಬೇಕು.”

ಅಕ್ಕ “ಅಂದರ ಎಮ್ಮಿ ಬತ್ತಿಸಿದಂಗ ಅನ್ನರಿ” ಎಂದರು. ಡಾಕ್ಟರಿಗೆ ತಿಳಿಯಲಿಲ್ಲ. ಅಕ್ಕ ವಿವರಿಸಿದರು. ಗಬ್ಬದ ಎಮ್ಮೆ ಕರು ಹಾಕುವ ಮುಂಚೆ ಎರಡು ತಿಂಗಳು ಹಾಲು ಬಿಡಿಸಬೇಕು. ನಮ್ಮ ಕಡೆ ಅದನ್ನು ಒಂದೇ ದಿನ ನಿಲ್ಲಿಸುವುದಿಲ್ಲ. “ಇವತ್ತ ಹಿಂಡೂದು, ನಾಳಿ ಬಿಡೂದು ಮಾಡಿದರ ಕೆಚ್ಚಲ ಬಾತ ಎಮ್ಮಿ ಸಾಯತೈತ್ರಿ. ಮೊದಲ ತಿನ್ನೂ ಹಿಂಡಿ ಕಡಿಮಿ ಮಾಡತೀವಿ. ಆಮ್ಯಾಲ ಒಂದ ಹೊತ್ತ ಹಿಂಡೂದು, ಒಂದ ಹೊತ್ತ ಬಿಡೂದು. ಆಮ್ಯಾಲ ದಿನಾ ಬಿಟ್ಟ ದಿನಾ. ಎಮ್ಮಿ ಒದ್ದರ ಅಲ್ಲೇ ನಿಂದರತೀವಿ, ಮುಂದಕ್ಕ ಹೋಗೂದಿಲ್ಲ.” ಡಾಕ್ಟರು ಪೆನ್ನು ಕೆಳಗಿಟ್ಟು ನಕ್ಕರು. “ಅವ್ವಾ, ನನಗ ಇದನ್ನ ಕಲಸಾಕ ಮೂರ ವರ್ಷ ತಗೊಂಡಿದ್ದರು” ಎಂದರು.

ಹೊರಗೆ ಬಂದ ಮೇಲೆ ಅಕ್ಕ ಬಸ್ ಸ್ಟ್ಯಾಂಡಿನ ಕಲ್ಲಿನ ಮೇಲೆ ಕೂತು ಹಣೆ ಬಡಿದುಕೊಂಡರು. “ನನಗ ಗೊತ್ತಿತ್ತಲ್ಲೋ ತಮ್ಮಾ! ಮೂಕ ಜೀವಕ್ಕ ಮಾಡೂ ನ್ಯಾಯಾ ನನ್ನ ಜೀವಕ್ಕ ಮಾಡಕೊಳಲಿಲ್ಲ.” ಅವರಿಗೆ ಗೊತ್ತಿತ್ತು, ಖರೆ. ಆದರೆ ಆ ಸಣ್ಣ ಬಿಳಿ ಗುಳಿಗೆ ಕೆಚ್ಚಲಿನ ಹಾಲಿನಂಥದು ಎಂದು ಅವರಿಗೆ ಹೇಳಬೇಕಾದವರು ಯಾರು? ಎರಡು ನಿಮಿಷದ ಬದಲು ನಾಲ್ಕು ನಿಮಿಷ ಕೊಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು ಆ ಪೇಟೆಯ ಡಾಕ್ಟರದು?

ಬತ್ತಿಸಲು ಹನ್ನೊಂದು ತಿಂಗಳು ಹಿಡಿಯಿತು. ಡಾಕ್ಟರು ಅದೇ ಜಾತಿಯ, ನಿಧಾನವಾಗಿ ಇಳಿಯುವ ಬೇರೆ ಗುಳಿಗೆಗೆ ಬದಲಿಸಿ, ಎರಡು ವಾರಕ್ಕೊಮ್ಮೆ ಚೂರು ಚೂರು ಕಡಿಮೆ ಮಾಡಿದರು. ಸ್ಟೀಲಿನ ತಾಟಿನ ಮೇಲೆ ಗುಳಿಗೆಯಿಟ್ಟು ಬ್ಲೇಡಿನಿಂದ ಅರ್ಧ, ಕಾಲು ಮಾಡುವ ಕೆಲಸ ಅಕ್ಕನದೇ. ಡೇರಿಗೆ ಬಂದರೆ ನಮ್ಮಿಬ್ಬರ ನಡುವೆ ಬೇರೆಯೇ ಮಾತು. “ಈ ವಾರ ಸಂಜಿ ಹಿಂಡೂದು ಬಿಟ್ಟೀನಿ” ಎನ್ನುವರು. ಸಾಲಿನಲ್ಲಿ ನಿಂತವರು ಎಮ್ಮೆಯ ವಿಷಯ ಎಂದುಕೊಳ್ಳುವರು. ಕೆಲವು ವಾರ ಮುಖ ಬಿಳಿಚಿ ಬರುವರು, ಕಿವಿಯಲ್ಲಿ ಗುಂಯ್ ಎನ್ನುತ್ತದೆ, ಮೈಮೇಲೆ ಇರುವೆ ಹರಿದಂತಾಗುತ್ತದೆ ಎನ್ನುವರು. “ಎಮ್ಮಿ ಒದೀತು ತಮ್ಮಾ. ಇಲ್ಲೇ ನಿಂತೀನಿ.” ಡಾಕ್ಟರಿಗೆ ಫೋನು ಹಚ್ಚಿ ಕೊಡುವೆ. ನಿಂತಲ್ಲೇ ಎರಡು ವಾರ ಹೆಚ್ಚು ನಿಲ್ಲಿ ಎನ್ನುವರು ಅವರು.

ಗುಳಿಗೆಯ ಜೊತೆಗೆ ಡಾಕ್ಟರು ಇನ್ನೊಂದು ಕೆಲಸ ಕೊಟ್ಟಿದ್ದರು. ಅಂಜಿಕೆಗೆ ಬೆನ್ನು ತೋರಿಸಬೇಡಿ, ದಿನಾ ಸ್ವಲ್ಪ ಸ್ವಲ್ಪ ಹೊಳೆಯ ಕಡೆ ಹೋಗಿ ನಿಲ್ಲಿ, ಎದೆ ಹಾರಿದರೆ ಉಸಿರು ಉದ್ದಕ್ಕೆ ಬಿಡುತ್ತ ಅಲ್ಲೇ ಇರಿ, ಅದು ತಾನಾಗಿ ಇಳಿಯುತ್ತದೆ ಎಂದು. ಮಹಾಪೂರ ಬಂದ ಮೇಲೆ ಅಕ್ಕ ಹೊಳೆಯ ಮುಖ ನೋಡಿರಲಿಲ್ಲ, ಎಮ್ಮೆಗಳನ್ನು ಬೇರೆಯವರು ಒಯ್ಯುತ್ತಿದ್ದರು. ಮೊದಲ ವಾರ ಹೊಳೆಯ ದಾರಿಯ ಬೇವಿನ ಮರದತನಕ ಹೋದರು. ಆಮೇಲೆ ಹೊಳೆದಂಡೆಯ ಮೇಲಿನ ಮೆಟ್ಟಿಲಿಗೆ. ಮಾಘದಲ್ಲಿ ಒಂದು ದಿನ “ಚಲ ಗ ಬಾಯಿ” ಎಂಬ ದನಿ ಹೊಳೆಯ ಕಡೆಯಿಂದ ಕೇಳಿತು. ನಾನು ಯಂತ್ರ ಬಿಟ್ಟು ಹೊರಗೆ ಬಂದು ನೋಡಿದೆ. ಮೊಣಕಾಲಮಟ್ಟ ನೀರಿನಲ್ಲಿ ನಿಂತು ಎಮ್ಮೆಯ ಬೆನ್ನು ತಿಕ್ಕುತ್ತಿದ್ದರು.

ಕೊನೆಯ ಚೂರುಗಳಿದ್ದಾಗಲೇ ಮಳೆಗಾಲ ಬಂತು. ನಾಲ್ಕು ದಿನ ಬಿಡದೆ ಹೊಡೆಯಿತು, ನೀರು ಬೇವಿನ ಮರದ ಬುಡಕ್ಕೆ ಬಂತು. ಅಕ್ಕ ಮಧ್ಯಾಹ್ನ ಡೇರಿಗೆ ಬಂದು ಕಂಬ ಹಿಡಿದು ಕೂತರು. ತುಟಿ ನೀಲಿ. “ಒಂದ ಪೂರ್ತಿ ಗುಳಿಗಿ ತಗೊಂಡರ ಹತ್ತ ನಿಮಿಷದಾಗ ಆರಾಮ ಆಗತೈತಿ. ಗೊತ್ತೈತಿ ನನಗ” ಎಂದರು. “ಮತ್ತ?” ಎಂದೆ. “ಮತ್ತೇನು, ಮೊಮ್ಮಗಳು ಮತ್ತ ದೂರ ಹೋಗತಾಳ” ಎಂದು ಕಣ್ಣು ಮುಚ್ಚಿ, ತಮ್ಮ ಎಮ್ಮೆಗಳ ವಂಶಾವಳಿ ಹೇಳತೊಡಗಿದರು, ಇದರ ತಾಯಿ ಅದು, ಅದರ ತಾಯಿ ಇದು ಎಂದು. ಮೂರು ತಲೆಮಾರು ಹೇಳುವಷ್ಟರಲ್ಲಿ ಉಸಿರು ಹದಕ್ಕೆ ಬಂತು. ನನಗೆ ಅಳು ಬಂದಿತ್ತು, ಯಂತ್ರ ಒರೆಸುವ ನೆಪದಲ್ಲಿ ಆ ಕಡೆ ತಿರುಗಿದೆ.

ಆ ತಿಂಗಳಲ್ಲೇ ಗುಳಿಗೆ ಪೂರ್ತಿ ನಿಂತಿತು. ಫಿಟ್ಸ್ ಬರಲಿಲ್ಲ. ನಿಮಗೇನೂ ಆಗುವುದಿಲ್ಲ, ಕೆಳಗೆ ಕೂತು ಕೂಸನ್ನು ತೊಡೆಯ ಮೇಲೆ ಹಾಕಿಕೊಳ್ಳಿ ಎಂದು ಚಿಕ್ಕೋಡಿಯ ಡಾಕ್ಟರು ಮೊದಲಿನಿಂದಲೂ ಹೇಳುತ್ತಿದ್ದರು. ಅಕ್ಕ ಕೇಳಿರಲಿಲ್ಲ. ಕೂಸು ಬೀಳುತ್ತದೆ ಎಂಬ ಆ ಪೇಟೆಯ ಡಾಕ್ಟರ ಮಾತೇ ಅವರಿಗೆ ದೊಡ್ಡದಾಗಿತ್ತು. ಗುಳಿಗೆ ಬಿಟ್ಟ ಮೇಲೆಯೂ ಮೂರು ತಿಂಗಳು ತಮ್ಮನ್ನು ತಾವೇ ಕಾಯ್ದರು. ದಸರೆ ಮುಗಿದ ಮೇಲೆ ಒಂದು ಮುಂಜಾನೆ, ಸೊಸೆ ತಾನಾಗಿ ಬಂದು ನನ್ನನ್ನೂ ಕರೆದಳು. “ಬರ್ರಿ ಮಾಮಾ, ಇವತ್ತ ಅತ್ತಿ ಕೈಯಾಗ ಕೂಸ ಕೊಡೂದೈತಿ.”

ಅಕ್ಕ ಮಿಂದು, ಹೊಸ ಇಳಕಲ್ ಸೀರೆ ಉಟ್ಟು ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದರು. ಎಣ್ಣೆಯ ಬಟ್ಟಲು ಬಗಲಲ್ಲಿತ್ತು. ಸೊಸೆ ಕೂಸನ್ನು ತಂದು ತೊಡೆಯ ಮೇಲೆ ಕೂಡ್ರಿಸಿದಳು. ಕೂಸೆಲ್ಲಿ, ಒಂದೂವರೆ ವರ್ಷದ ಹುಡುಗಿ. ಅಕ್ಕ ಬಗ್ಗಿ ಅವಳ ತಲೆಯ ವಾಸನೆ ನೋಡಲು ಹೋದರು. ಹುಡುಗಿ ಎರಡೂ ಕೈಯಿಂದ ಅವರ ಮುಖ ನೂಕಿ, ಜಾರಿ ಇಳಿದು, ಅಂಗಳಕ್ಕೆ ಓಡಿ, ತಾಯಿಯ ಸೆರಗಿನ ಹಿಂದೆ ಅಡಗಿದಳು. ಮತ್ತೆ ತಂದು ಕೂಡ್ರಿಸಿದರೆ ಮತ್ತೆ ಅದೇ. ಮುಂದೆ ಹಚ್ಚಿಕೊಂಡಳು, ಕೊಟ್ಟಿಗೆಯಲ್ಲೆಲ್ಲ ಆಯೀ ಆಯೀ ಎಂದು ಅಜ್ಜಿಯ ಹಿಂದೆ ತಿರುಗಿದಳು, ಆ ಮಾತು ಬೇರೆ. ಆದರೆ ತೊಡೆಯ ಮೇಲೆ ಮಲಗುವ ವಯಸ್ಸು ಮುಗಿದಿತ್ತು. “ಬಿಡವಾ, ಬಿಡು. ಅಂಜತೈತಿ” ಎಂದು ಅಕ್ಕ ಎಣ್ಣೆಯ ಬಟ್ಟಲನ್ನು ಒಳಗೆ ಇಟ್ಟುಬಂದರು.

ಮಾರನೆಯ ದಿನ ಹಾಲು ಹಾಕಿದವರೇ, “ಗಾಡಿ ತಗಿ ಸೆಕ್ರೆಟ್ರಿ. ಆ ಪ್ಯಾಟಿ ಡಾಕ್ಟರ ಕಡೆ ಹೋಗೂದೈತಿ” ಎಂದರು. ಯಾಕೆ ಎಂದು ನಾನು ಕೇಳಲಿಲ್ಲ. ನನಗೂ ಹೋಗಬೇಕಿತ್ತು.

ಡಾಕ್ಟರು ಗುರುತು ಹಿಡಿದರು. “ಹೆಂಗದೀರಿ, ಬಾಯಾರ? ಗುಳಿಗಿ ತಗೊಳಾಕತ್ತೀರಿಲ್ಲ?” ಎಂದರು. ಪೂರ್ತಿ ಬಿಟ್ಟೀನ್ರಿ ಎಂದರು ಅಕ್ಕ. ಹೇಗೆ ಬಿಟ್ಟೆ ಎಂಬುದನ್ನೂ ಹೇಳಿದರು. ಡಾಕ್ಟರು ಕೇಳಿ, “ಹೌದು, ಹಂಗ ಬಿಡಬೇಕಾಗತೈತಿ” ಎಂದರು, ತಾವೇ ಹೇಳಿಕೊಟ್ಟವರ ಹಾಗೆ. ನಾನು “ಮತ್ತ ಕೊಡೂವಾಗ ಈ ಒಂದ ಮಾತ ಯಾಕ ಹೇಳಲಿಲ್ರಿ?” ಎಂದು ಮೇಜು ಬಡಿದೆ. ಅಕ್ಕ ನನ್ನ ತೋಳು ಹಿಡಿದು ಕೂಡ್ರಿಸಿದರು. ಡಾಕ್ಟರು ಗಡಿಯಾರ ನೋಡಿದರು. “ನೋಡ್ರಿ, ದಿನಕ್ಕ ನೂರ ಪೇಶಂಟ್ ನೋಡತೀನಿ. ಎಲ್ಲಾರಿಗೂ ಎಲ್ಲಾ ಹೇಳಕೋತ ಕೂಡಾಕ ಆಗೂದಿಲ್ಲ. ಈಗ ಆರಾಮ ಆಗೀರಲ್ಲ, ಮುಗೀತ. ಇನ್ನೇನ ಬರಕೊಡಲಿ?” ಎಂದು ಚೀಟಿಯ ಮೇಲೆ ಪೆನ್ನಿಟ್ಟರು.

“ಮೂರ ತಿಂಗಳ ಕೂಸ ಬರಕೊಡ್ರಿ, ಸಾಹೇಬ್ರ” ಎಂದರು ಅಕ್ಕ. “ನನ್ನ ತೊಡಿ ಬಿಟ್ಟ ಹೋದಾಗ ಅಷ್ಟ ಇತ್ತರಿ ಅದು.”

ಡಾಕ್ಟರು ಪೆನ್ನಿಗೆ ಟೊಪ್ಪಿಗೆ ಹಾಕಿ, ಮುಂದಿನವರಿಗಾಗಿ ಬೆಲ್ ಒತ್ತಿದರು.